ಸೆಲರ್ಸನ ತಟ್ಟೆಗಳೂ ನಮ್ಮ ನಗೆಯೂ

ಹಾಡಿನ ತಟ್ಟೆಗಳನ್ನು ಕೂಡಿಡುವವರನ್ನು ಲೋಕ ಕ್ಷಮಿಸುತ್ತದೆ. ಅಬ್ದುಲ್ ಕರೀಂ ಖಾನರದೋ ಗೌಹರ್ ಜಾನ್ ಅವರದೋ ಹಳೆಯ ಪ್ಲೇಟೊಂದು ಮನೆಯಲ್ಲಿದೆ ಎಂದರೆ ಬಂದವರು ಅದನ್ನು ಎರಡು ಕೈಯಿಂದ ಎತ್ತಿ ನೋಡುತ್ತಾರೆ. ಕರಕರ ಸದ್ದಿನ ನಡುವೆ ಒಂದು ಸ್ವರ ಎದ್ದು ಬಂದರೆ ತಲೆದೂಗುತ್ತಾರೆ. ಆದರೆ "ನಾನು ತಮಾಷೆಯ ತಟ್ಟೆಗಳನ್ನು ಕೂಡಿಟ್ಟಿದ್ದೇನೆ" ಎಂದು ಹೇಳಿ ನೋಡಿ. ಎದುರಿಗಿದ್ದವರ ಮುಖದಲ್ಲಿ ಒಂದು ಬಗೆಯ ಮರುಕ ಕಾಣಿಸಿಕೊಳ್ಳುತ್ತದೆ. ರಾಗವನ್ನು ನೂರು ಸಲ ಕೇಳಬಹುದು. ನಗೆಚಾಟಿಕೆಯನ್ನು ಎರಡನೆಯ ಸಲ ಕೇಳುವುದೆಂತು? ನಿನ್ನೆಯ ಹುಳಿಯನ್ನು ಯಾರಾದರೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆಯೇ?

ನನ್ನ ಬೀರುವಿನಲ್ಲಿ ಅಂಥ ಹುಳಿ ಸಾಕಷ್ಟಿದೆ. ಅದರಲ್ಲಿ ಹೆಚ್ಚಿನ ಪಾಲು ಇಂಗ್ಲೆಂಡಿನ ನಗೆಗಾರ ಪೀಟರ್ ಸೆಲರ್ಸನದು. 1925ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡ ಈತನನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. 'ಪಿಂಕ್ ಪ್ಯಾಂಥರ್' ಚಿತ್ರಗಳಲ್ಲಿ ಎಡವಿ ಬೀಳುವ ಫ್ರೆಂಚ್ ಪತ್ತೇದಾರನಾಗಿ ಅವನನ್ನು ನೋಡಿ ನಕ್ಕವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಸೆಲರ್ಸ್ ಮೊದಲು ಹೆಸರಾದದ್ದು ಮುಖದಿಂದಲ್ಲ, ದನಿಯಿಂದ. 1951ರಿಂದ 1960ರವರೆಗೆ ಬಿ.ಬಿ.ಸಿ. ರೇಡಿಯೋದಲ್ಲಿ ನಡೆದ 'ಗೂನ್ ಷೋ' ಎಂಬ ಹುಚ್ಚಾಟದಲ್ಲಿ ಆತ ಒಬ್ಬನೇ ಹತ್ತು ಮಂದಿಯಾಗಿ ಮಾತನಾಡುತ್ತಿದ್ದ. ಆ ದನಿಗಳನ್ನು ತಟ್ಟೆಗೆ ತಂದವನು ಜಾರ್ಜ್ ಮಾರ್ಟಿನ್. 1962ರಲ್ಲಿ ಬೀಟಲ್ಸ್ ತಂಡವನ್ನು ಸೇರಿಸಿಕೊಂಡು ಲೋಕಪ್ರಸಿದ್ಧವಾದ ಪಾರ್ಲೊಫೋನ್ ಎಂಬ ಮುದ್ರೆ ಅದಕ್ಕೆ ಮೊದಲು ಬದುಕಿದ್ದದ್ದು ಬಹುಮಟ್ಟಿಗೆ ಇಂಥ ನಗೆಯ ತಟ್ಟೆಗಳಿಂದಲೇ. ಬೀಟಲ್ಸ್ ಹುಡುಗರು ಮಾರ್ಟಿನ್ನನನ್ನು ಗೌರವಿಸಿದ್ದಕ್ಕೆ ಒಂದು ಕಾರಣ, ಆತ ಸೆಲರ್ಸನ ತಟ್ಟೆಗಳನ್ನು ಮಾಡಿದವನು ಎಂಬುದೇ.

ಈ ಲೇಖನ ಬರೆಯಲು ಕಾರಣವಾದ ಪ್ರಸಂಗವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಕ್ಕನ ಮಗಳೊಬ್ಬಳು ಇಂಗ್ಲೆಂಡಿನಲ್ಲಿದ್ದಾಳೆ. ನಮ್ಮ ಭಾವ ಡಾಕ್ಟರು. 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ನಮ್ಮ ದೇಶದ ಎಷ್ಟೋ ಡಾಕ್ಟರುಗಳು ಹೋದರಲ್ಲ, ಅವರಲ್ಲೊಬ್ಬರು. ಆಗ ಆರು ವರ್ಷದ ಹುಡುಗಿಯಾಗಿ ಹೋದವಳಿಗೆ ಈಗ ತಲೆ ನರೆತಿದೆ. ಕಳೆದ ಬಾರಿ ಬೆಂಗಳೂರಿಗೆ ಬಂದಾಗ ಸಂಜೆಯ ಕಾಫಿಯಾದ ಮೇಲೆ ನಾನು ಉತ್ಸಾಹದಿಂದ ಬೀರು ತೆರೆದೆ. ಇಂಗ್ಲೆಂಡಿನಲ್ಲಿ ಬೆಳೆದವಳು, ಇಲ್ಲಿನವರಿಗಿಂತ ಚೆನ್ನಾಗಿ ಈ ಹಾಸ್ಯ ಅವಳಿಗೆ ದಕ್ಕೀತು ಎಂದು ನನ್ನ ಲೆಕ್ಕ. 1960ರಲ್ಲಿ ಬಂದ 'ಗುಡ್‌ನೆಸ್ ಗ್ರೇಷಸ್ ಮೀ' ಎಂಬ ಚಿಕ್ಕ ತಟ್ಟೆಯನ್ನು ತಿರುಗಲು ಬಿಟ್ಟೆ. ಸೋಫಿಯಾ ಲೊರೆನ್ ರೋಗಿ; ಸೆಲರ್ಸ್ ಭಾರತೀಯ ಡಾಕ್ಟರು. ಡಾಕ್ಟರನ್ನು ಕಂಡರೆ ರೋಗಿಯ ಎದೆ ಹೊಡೆದುಕೊಳ್ಳುತ್ತದೆ. ಆ ಬಡಿತವೇ ಹಾಡಿಗೆ ತಾಳ.

ಅರ್ಧ ಹಾಡು ಆಗಿರಬಹುದು. ಅವಳು ಕಪ್ಪನ್ನು ಕೆಳಗಿಟ್ಟು, "ಮಾವ, ಅದನ್ನ ನಿಲ್ಲಿಸ್ತೀರಾ?" ಎಂದಳು.

ನಾನು ನಿಲ್ಲಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು. ಶಾಲೆಯಲ್ಲಿ ಹುಡುಗರು ಅವಳ ಹಿಂದೆ ಈ ಹಾಡನ್ನು ಹಾಡುತ್ತಿದ್ದರಂತೆ, ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿಕೊಂಡು. ಅಪ್ಪ ಡಾಕ್ಟರು ಎಂದು ತಿಳಿದ ಮೇಲಂತೂ ಬಿಡಲೇ ಇಲ್ಲವಂತೆ. "ಅಪ್ಪ ಹಾಗೆ ಮಾತಾಡ್ತಾನೇ ಇರಲಿಲ್ಲ ಮಾವ. ಆದರೂ ಅವರು ಶಾಲೆಗೆ ಬಂದು ಟೀಚರ ಹತ್ತಿರ ಮಾತಾಡಿದರೆ ನನಗೆ ನಾಚಿಕೆ ಆಗ್ತಿತ್ತು. ಅದು ಈಗಲೂ ನೋವು."

ನಾನು ಇಪ್ಪತ್ತು ವರ್ಷದಿಂದ ನಕ್ಕುಕೊಂಡು ಕೇಳಿದ್ದ ತಟ್ಟೆ ಅದು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾನು ನಕ್ಕದ್ದು ತಪ್ಪೇ? ಅವಳು ನೊಂದದ್ದು ಅತಿಯೇ? ಇವೆರಡೂ ಅಲ್ಲವಾದರೆ ಆ ತಟ್ಟೆಯ ವಿಚಾರವಾಗಿ ಹೇಳಬೇಕಾದ ಮಾತು ಯಾವುದು? ವಿಮರ್ಶೆಯೆಂಬುದು ಇಂಥ ಕಡೆ ಕೆಲಸಕ್ಕೆ ಬಾರದಿದ್ದರೆ ಮತ್ತೆಲ್ಲಿ ಬಂದೀತು ಎಂದುಕೊಂಡು, ಮುಂದಿನ ವಾರವೆಲ್ಲ ಸೆಲರ್ಸನ ತಟ್ಟೆಗಳನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಅದರಿಂದ ನನಗೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಟ್ಟೆಗಳ ಪರಿಚಯ. ಸೆಲರ್ಸನ ಮುಖ್ಯವಾದ ಉದ್ದಾಟದ ತಟ್ಟೆಗಳು ಮೂರು. 1958ರ 'ದಿ ಬೆಸ್ಟ್ ಆಫ್ ಸೆಲರ್ಸ್', ಹತ್ತು ಅಂಗುಲದ್ದು. 1959ರ 'ಸಾಂಗ್ಸ್ ಫಾರ್ ಸ್ವಿಂಗಿನ್ ಸೆಲರ್ಸ್', ಹನ್ನೆರಡು ಅಂಗುಲದ್ದು. 1960ರಲ್ಲಿ ಲೊರೆನ್ ಜೊತೆಗೂಡಿ ಮಾಡಿದ 'ಪೀಟರ್ ಅಂಡ್ ಸೋಫಿಯಾ'. ಇವಲ್ಲದೆ 1957ರ 'ಎನಿ ಓಲ್ಡ್ ಐರನ್' ಮೊದಲಾದ ಬಿಡಿ ಹಾಡುಗಳಿವೆ. ಆ ಕಾಲದ ಬಿಡಿ ಹಾಡುಗಳು ನಿಮಿಷಕ್ಕೆ 45 ಸುತ್ತಿನ ತಟ್ಟೆಯಾಗಿಯೂ 78 ಸುತ್ತಿನ ಅರಗಿನ ತಟ್ಟೆಯಾಗಿಯೂ ಬರುತ್ತಿದ್ದವು. ಅರಗಿನ ತಟ್ಟೆಗೆ ಗೆರೆ ಅಗಲ. ಅದಕ್ಕೆ ಬೇರೆ ಮುಳ್ಳು ಬೇಕು. ಉದ್ದಾಟದ ತಟ್ಟೆಯ ಸಣ್ಣ ಮುಳ್ಳನ್ನು ಅದರ ಮೇಲೆ ಬಿಟ್ಟರೆ ಅದು ಗೆರೆಯ ತಳದಲ್ಲಿ ಒದ್ದಾಡಿಕೊಂಡು ದನಿಗಿಂತ ಧೂಳನ್ನೇ ಹೆಚ್ಚು ಓದುತ್ತದೆ. ಆ ಅರಗು ಬಹುಮಟ್ಟಿಗೆ ಭಾರತದಿಂದ ಹೋಗುತ್ತಿದ್ದದ್ದು. ನಮ್ಮ ಕಾಡಿನ ಮರದ ಮೇಲೆ ಹುಳುವಿಟ್ಟ ಅಂಟು ಹಡಗೇರಿ ಹೋಗಿ ಲಂಡನ್ನಿನ ನಗೆಯನ್ನು ಹೊತ್ತುಕೊಂಡು ತಿರುಗುತ್ತಿತ್ತು ಎಂಬುದು ನನಗೆ ಯಾವಾಗಲೂ ಸೋಜಿಗ.

ಈ ತಟ್ಟೆಗಳನ್ನು ಕೂಡಿಡುವುದು ದುಬಾರಿ ಕೆಲಸವೇನಲ್ಲ. ಮೊದಲೆರಡು ಉದ್ದಾಟದ ತಟ್ಟೆಗಳೂ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿದ್ದವು. ಅಷ್ಟು ಮನೆಗಳಿಗೆ ಹೋದ ವಸ್ತು ಅಪರೂಪವಾಗುವುದು ಹೇಗೆ? ಕಷ್ಟವಿರುವುದು ಚೆನ್ನಾಗಿರುವ ಪ್ರತಿ ಸಿಗುವುದರಲ್ಲಿ. ಸಂಗೀತದ ತಟ್ಟೆ ಸವೆಯುವುದಕ್ಕೂ ನಗೆಯ ತಟ್ಟೆ ಸವೆಯುವುದಕ್ಕೂ ವ್ಯತ್ಯಾಸವಿದೆ. ಸಂಗೀತದ ತಟ್ಟೆ ಎಲ್ಲ ಕಡೆಯೂ ಒಂದೇ ಸಮ ಸವೆಯುತ್ತದೆ. ನಗೆಯ ತಟ್ಟೆಯಲ್ಲಿ ಮನೆಯವರು ತಮಗೆ ಬೇಕಾದ ಒಂದು ತುಣುಕನ್ನೇ ಹುಡುಕಿ ಮುಳ್ಳನ್ನಿಡುತ್ತಾರೆ. ನೆಂಟರು ಬಂದಾಗಲೆಲ್ಲ ಅದನ್ನೇ ಹಾಕುತ್ತಾರೆ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಆ ಪಟ್ಟೆ ಮಾತ್ರ ಬೂದುಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಆ ಮನೆಯವರು ಯಾವುದಕ್ಕೆ ನಗುತ್ತಿದ್ದರೆಂಬುದನ್ನು ತಟ್ಟೆಯೇ ಬರೆದಿಟ್ಟುಕೊಂಡಿರುತ್ತದೆ.

ಈಗ ಒಳಗೇನಿದೆ ಎಂಬುದನ್ನು ನೋಡೋಣ. ಮೊದಲ ತಟ್ಟೆಯ ಹೆಮ್ಮೆಯೆಂದರೆ 'ಬಾಲ್ಹಮ್, ಗೇಟ್‌ವೇ ಟು ದಿ ಸೌತ್' ಎಂಬ ರೂಪಕ. ಫ್ರಾಂಕ್ ಮ್ಯೂರ್ ಮತ್ತು ಡೆನಿಸ್ ನಾರ್ಡನ್ ಎಂಬ ಜೋಡಿ ಇದನ್ನು ಮೊದಲು ರೇಡಿಯೋಗೆಂದು ಬರೆದರು. ಬಾಲ್ಹಮ್ ಎಂಬುದು ದಕ್ಷಿಣ ಲಂಡನ್ನಿನ ಸಾಮಾನ್ಯ ಬಡಾವಣೆ, ಯಾರೂ ಪ್ರವಾಸ ಹೋಗದ ಜಾಗ. ಅದನ್ನು ಪ್ರವಾಸದ ಚಿತ್ರಗಳ ನಿರೂಪಕನೊಬ್ಬ ಅಮೆರಿಕದ ಧಾಟಿಯಲ್ಲಿ, ಅಪ್ಸರಲೋಕವೆಂಬಂತೆ ಬಣ್ಣಿಸುತ್ತಾನೆ. ಅಲ್ಲಿಯೊಬ್ಬ ಕುಶಲಕರ್ಮಿಯಿದ್ದಾನೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯಲ್ಲಿರುವ ತೂತನ್ನು ಕೈಯಿಂದಲೇ ಕೊರೆಯುವುದು ಅವನ ಕಸಬು. ನಿರೂಪಕನೂ ಸೆಲರ್ಸನೇ, ಕುಶಲಕರ್ಮಿಯೂ ಸೆಲರ್ಸನೇ, ಉಳಿದ ಊರವರೂ ಅವನೇ. ಅದೇ ತಟ್ಟೆಯಲ್ಲಿ ಒಬ್ಬ ರಾಜಕಾರಣಿಯ ಭಾಷಣವಿದೆ. ಆತ ಗಂಭೀರವಾಗಿ, ಏರಿಳಿತದೊಡನೆ, ಮುಂದೇನೋ ಬಹು ದೊಡ್ಡ ಮಾತು ಬರಲಿದೆಯೆಂದು ನಂಬಿಸುತ್ತ ಮಾತನಾಡುತ್ತಾನೆ. ಮುಗಿದ ಮೇಲೆ ನೋಡಿದರೆ ಆತ ಏನನ್ನೂ ಹೇಳಿಯೇ ಇಲ್ಲ. ಚುನಾವಣೆಯ ಕಾಲದಲ್ಲಿ ಅದನ್ನು ಕೇಳಿದರೆ ಯಾವ ದೇಶದವನಿಗೂ ಅನುವಾದ ಬೇಕಿಲ್ಲ.

ಎರಡನೆಯ ತಟ್ಟೆಯ ಹೆಸರೇ ಒಂದು ಅಣಕ. ಫ್ರಾಂಕ್ ಸಿನಾತ್ರಾ ತನ್ನ ಪ್ರಸಿದ್ಧ ತಟ್ಟೆಯನ್ನು ತೂಗಾಡುವ ಪ್ರೇಮಿಗಳಿಗೆ ಅರ್ಪಿಸಿದ್ದ; ಸೆಲರ್ಸನ ತಟ್ಟೆಯ ಹೊದಿಕೆಯ ಮೇಲೆ ಮರಕ್ಕೆ ನೇಣುಬಿದ್ದು ತೂಗಾಡುವವನೊಬ್ಬನ ಕಾಲುಗಳು ಕಾಣಿಸುತ್ತವೆ. ಮೊದಲ ಹಾಡು ಸಿನಾತ್ರಾನದೇ ಎಂಬಷ್ಟು ಹಾಗೆಯೇ ಇದೆ. ಹಾಡಿದವನ ಹೆಸರು ಫ್ರೆಡ್ ಫ್ಲಾಂಜ್ ಎಂದು ಅಚ್ಚಾಗಿದೆ. ನಿಜವಾಗಿ ಆತ ಮುಂದೆ ದೊಡ್ಡ ಗಾಯಕನಾದ ಮ್ಯಾಟ್ ಮನ್ರೋ. ಅದೇ ತಟ್ಟೆಯಲ್ಲಿ ರೇಡಿಯೋ ವಿಮರ್ಶಕರ ಚರ್ಚೆಯ ಅಣಕವೂ ಇದೆ. ಈ ಲೇಖನ ಬರೆಯುವಾಗ ಅದನ್ನು ನೆನೆದು ಎರಡು ವಾಕ್ಯ ಹೊಡೆದುಹಾಕಿದೆ. ಕಡೆಯಲ್ಲಿ ಸೆಲರ್ಸ್ ಜಾರ್ಜ್ ಗರ್ಶ್ವಿನ್ನನನ್ನು ಹಾಡುತ್ತಾನೆ ಎಂಬ ಘೋಷಣೆ. ಹಾಡುವುದು ಆ ಎರಡು ಪದಗಳನ್ನೇ, ಆ ಸಂಗೀತಗಾರನ ಹೆಸರನ್ನು. ಅಲ್ಲಿಗೆ ಮುಗಿಯಿತು.

ಈ ತಟ್ಟೆಗಳ ಒಂದು ಗುಣವನ್ನು ಗಮನಿಸಬೇಕು. ಇವು ಬಹುಪಾಲು ಸಭಿಕರಿಲ್ಲದ ಸ್ಟುಡಿಯೋದಲ್ಲಿ ಆದವು. ಮಾರ್ಟಿನ್ ಒಂದು ದನಿಯ ಮೇಲೆ ಇನ್ನೊಂದನ್ನು ಮುದ್ರಿಸಿ, ಬಾಗಿಲು ತೆರೆದ ಸದ್ದು, ರಸ್ತೆಯ ಸದ್ದುಗಳನ್ನು ಸೇರಿಸಿ, ಟೇಪನ್ನು ಕತ್ತರಿಸಿ ಅಂಟಿಸಿ ಒಂದು ಲೋಕವನ್ನೇ ಕಟ್ಟುತ್ತಿದ್ದ. 1962ರಲ್ಲಿ ಕ್ವಾಯ್ ನದಿಯ ಸೇತುವೆಯ ಪ್ರಸಿದ್ಧ ಚಿತ್ರವನ್ನು ಅಣಕಿಸಿ ತಟ್ಟೆ ಮಾಡಿದಾಗ, ಚಿತ್ರದ ಕಡೆಯವರು ಮೊಕದ್ದಮೆಯ ಮಾತೆತ್ತಿದ್ದರಿಂದ, ಟೇಪಿನಲ್ಲಿ ಆ ಹೆಸರು ಬಂದಲ್ಲೆಲ್ಲ ಮೊದಲ ಕಕಾರವನ್ನು ಕತ್ತರಿಸಿ ತೆಗೆದ. ಕ್ವಾಯ್ ಹೋಗಿ ವಾಯ್ ಆಯಿತು, ಬ್ರಿಟನ್ನಿನಲ್ಲೇ ಇರುವ ಒಂದು ನದಿ. ಇಂಥ ಕೆಲಸದಲ್ಲಿ ಸಭಿಕರ ನಗು ಇರುವುದಿಲ್ಲ. ಎಲ್ಲಿ ನಗಬೇಕೆಂದು ತಟ್ಟೆ ಹೇಳಿಕೊಡುವುದಿಲ್ಲ. ನಗುವ ಹೊಣೆಯೆಲ್ಲ ಕೋಣೆಯಲ್ಲಿ ಕುಳಿತವರ ಮೇಲೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ಭಾರತೀಯ ದನಿಯ ಪ್ರಶ್ನೆ. ಸೆಲರ್ಸನಿಗೆ ಅದು ಎಲ್ಲಿಂದ ಬಂತು? ಎರಡನೆಯ ಮಹಾಯುದ್ಧದಲ್ಲಿ ಆತ ವಾಯುದಳದಲ್ಲಿದ್ದ. ಸೈನಿಕರನ್ನು ರಂಜಿಸುವ ತಂಡದೊಡನೆ ಭಾರತ, ಸಿಂಹಳ, ಬರ್ಮಾಗಳಲ್ಲಿ ತಿರುಗಿದ. 'ಗೂನ್ ಷೋ'ನ ಮುಖ್ಯ ಬರಹಗಾರ ಸ್ಪೈಕ್ ಮಿಲಿಗನ್ ಹುಟ್ಟಿದ್ದು 1918ರಲ್ಲಿ ಅಹಮದ್‌ನಗರದಲ್ಲಿ. ಬೆಳೆದದ್ದು ಪುಣೆ, ರಂಗೂನುಗಳಲ್ಲಿ. ಆ ಕಾರ್ಯಕ್ರಮದಲ್ಲಿ ಲಾಲ್‌ಕಾಕಾ ಮತ್ತು ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರಿಗೆ ಇವರಿಬ್ಬರೇ ದನಿ. ಎಂದರೆ ನಮ್ಮ ಮಾತನ್ನು ಕಿವಿಯಾರೆ ಕೇಳಿದವರೇ ಅದನ್ನು ಅಣಕಿಸಿದ್ದು. ದ್ವೇಷವಿತ್ತೆಂದೂ ಹೇಳಲಾಗದು. ಸೆಲರ್ಸ್ ಮುಂದೆ ರವಿಶಂಕರ್ ಅವರ ಸ್ನೇಹಿತನಾದ. ಸತ್ಯಜಿತ್ ರಾಯ್ ಅವರು 1967ರಲ್ಲಿ ಬರೆದ 'ದಿ ಏಲಿಯನ್' ಚಿತ್ರಕಥೆಯಲ್ಲಿ ಮಾರವಾಡಿ ವ್ಯಾಪಾರಿಯ ಪಾತ್ರಕ್ಕೆ ಮೊದಲು ಒಪ್ಪಿಕೊಂಡಿದ್ದವನೂ ಆತನೇ. ಆ ಚಿತ್ರ ಆಗಲಿಲ್ಲ. 1968ರಲ್ಲಿ ಬಂದದ್ದು 'ದಿ ಪಾರ್ಟಿ'. ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಸೆಲರ್ಸ್ ಅದರಲ್ಲಿ ಬಕ್ಷಿ ಎಂಬ ಭಾರತೀಯ ನಟ. ಅವನು ಸಾಕಿದ ಕೋತಿಯ ಹೆಸರು ಅಪು. ರಾಯ್ ಅವರ ಕಥಾನಾಯಕನ ಹೆಸರನ್ನು ಕೋತಿಗಿಟ್ಟದ್ದು ಯಾರ ಯೋಚನೆಯೋ, ಕೇಳಿದವರಿಗೆ ಚುರುಕ್ಕೆನ್ನದೆ ಇರದು.

ಮಾತನ್ನು ತಟ್ಟೆಗಳಿಗೇ ಇಟ್ಟುಕೊಳ್ಳೋಣ. ಭಾರತೀಯ ಧಾಟಿಯ ಎರಡು ಹಾಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿಚಿತ್ರವೆಂದರೆ ಎರಡಕ್ಕೂ ಬರ್ನಾರ್ಡ್ ಷಾ ಮೂಲಪುರುಷ. ಒಂದು, ಎರಡನೆಯ ತಟ್ಟೆಯಲ್ಲಿರುವ 'ವುಡಂಟ್ ಇಟ್ ಬಿ ಲವರ್ಲಿ'. ಷಾನ 'ಪಿಗ್ಮೇಲಿಯನ್' ನಾಟಕವನ್ನು ಆಧರಿಸಿ 1956ರಲ್ಲಿ ಬಂದ 'ಮೈ ಫೇರ್ ಲೇಡಿ'ಯ ಹಾಡು ಅದು. ಅಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಬೆಚ್ಚನೆಯ ಕೋಣೆಗಾಗಿ, ಒಂದು ಕುರ್ಚಿಗಾಗಿ ಹಂಬಲಿಸುತ್ತಾಳೆ. ನಾಟಕದ ವಸ್ತುವೇ ಉಚ್ಚಾರ: ಮಾತಿನ ಧಾಟಿಯೊಂದರಿಂದಲೇ ಮನುಷ್ಯನನ್ನು ಮೇಲು ಕೀಳೆಂದು ಅಳೆಯುವ ಸಮಾಜವನ್ನು ಷಾ ಅಲ್ಲಿ ಜಗ್ಗಾಡಿದ್ದಾನೆ. ಸೆಲರ್ಸ್ ಆ ಹಾಡನ್ನು ತೆಗೆದುಕೊಂಡು ಭಾರತೀಯ ಉಚ್ಚಾರದಲ್ಲಿ ಹಾಡುತ್ತಾನೆ. ಹಾಡುವವನು ಯಾರು, ಅವನಿಗೆ ಏನು ಬೇಕು, ಅವನಿಗೂ ಚಳಿಯಾಗುತ್ತದೆಯೇ, ಕೇಳಬಾರದು. ಉಚ್ಚಾರವಷ್ಟೇ ತಮಾಷೆ. ಬಾಲ್ಹಮ್ಮಿನ ಕುಶಲಕರ್ಮಿಗೆ ಒಂದು ಕಸಬಿದೆ, ಹೆಮ್ಮೆಯಿದೆ; ರಾಜಕಾರಣಿಗೆ ಒಂದು ಕಪಟವಿದೆ; ಈ ಭಾರತೀಯನಿಗೆ ಧಾಟಿಯ ಹೊರತು ಮತ್ತೇನೂ ಇಲ್ಲ. ಉಳಿದ ಕಡೆ ಸೆಲರ್ಸನಿಗೆ ಉಚ್ಚಾರವು ಬಾಗಿಲು. ಅದರ ಮೂಲಕ ಒಬ್ಬ ಮನುಷ್ಯನೊಳಗೆ ಹೋಗುತ್ತಾನೆ. ಇಲ್ಲಿ ಬಾಗಿಲಿಗೆ ಬಣ್ಣ ಬಳಿದು ಅಲ್ಲಿಯೇ ನಿಂತುಬಿಟ್ಟಿದ್ದಾನೆ. ಇದನ್ನು ನಾನು ಭಾರತೀಯನಾಗಿ ಹೇಳುತ್ತಿಲ್ಲ. ನಗೆಯ ತಟ್ಟೆಗಳನ್ನು ಪ್ರೀತಿಯಿಂದ ಕೂಡಿಟ್ಟವನಾಗಿ ಹೇಳುತ್ತೇನೆ. ಇದು ಬಡವಾದ ಕೆಲಸ.

ಇನ್ನೊಂದು, ನಮ್ಮ ಸಂಜೆಯನ್ನು ಕೆಡಿಸಿದ 'ಗುಡ್‌ನೆಸ್ ಗ್ರೇಷಸ್ ಮೀ'. ಷಾನ 'ದಿ ಮಿಲಿಯನೇರೆಸ್' ನಾಟಕವನ್ನು 1960ರಲ್ಲಿ ಚಿತ್ರ ಮಾಡಿದರು. ನಾಟಕದಲ್ಲಿ ಈಜಿಪ್ಟಿನವನಾಗಿದ್ದ ಡಾಕ್ಟರು ಚಿತ್ರದಲ್ಲಿ ಸೆಲರ್ಸನಿಗಾಗಿ ಭಾರತೀಯನಾದ. ಚಿತ್ರದ ಪ್ರಚಾರಕ್ಕೆಂದು ಹುಟ್ಟಿದ ಈ ಹಾಡು ಚಿತ್ರದಲ್ಲಿಲ್ಲ. ಮಾತು ಹರ್ಬರ್ಟ್ ಕ್ರೆಟ್ಸ್‌ಮರನದು, ಮಟ್ಟು ಡೇವಿಡ್ ಲೀಯದು. ಇಂಗ್ಲೆಂಡಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತಮುನಿ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಾಡಿ ನೋಡುವ ಕೈಯೇ ನಾಡಿಯನ್ನು ಕೆಡಿಸುತ್ತಿದೆ. ಡಾಕ್ಟರಿಗೆ ಕಸಬಿನ ಮರ್ಯಾದೆ ಒಂದು ಕಡೆ, ರೋಗಿಯ ಕಣ್ಣು ಇನ್ನೊಂದು ಕಡೆ. ಈ ಡಾಕ್ಟರು ಪೆದ್ದನಲ್ಲ. ಓದಿದವನು, ಸಭ್ಯ, ಮೇಲಾಗಿ ಒಬ್ಬ ಸುಂದರಿ ಮೆಚ್ಚಿದವನು. ಒಂದು ವಿಷಯ ನನಗೆ ಈ ಬಾರಿ ಮೊದಲ ಸಲ ಹೊಳೆಯಿತು: ಹಾಡಿನಲ್ಲಿ ಇಂಗ್ಲಿಷರೇ ಇಲ್ಲ. ಇಟಲಿಯ ಧಾಟಿಯಲ್ಲಿ ಹಾಡುವ ಹೆಣ್ಣು, ಭಾರತದ ಧಾಟಿಯಲ್ಲಿ ಹಾಡುವ ಗಂಡು. ಇಬ್ಬರು ಪರದೇಶಿಗಳು ಇಂಗ್ಲಿಷಿನಲ್ಲಿ ಪ್ರೇಮಿಸುತ್ತಿದ್ದಾರೆ. ಹಾಡಾಗಿ ನೋಡಿದರೆ ಇದು ಒಳ್ಳೆಯ ಹಾಡು. ನಾನು ನಕ್ಕದ್ದಕ್ಕೆ ಕಾರಣವಿತ್ತು.

ಹಾಗಾದರೆ ನನ್ನ ಸೊಸೆ ನೊಂದದ್ದು? ಇಲ್ಲಿ ಶುದ್ಧ ವಿಮರ್ಶಕನೊಬ್ಬ ಹೇಳಬಹುದು: ಕೃತಿಯ ಒಳಗೆ ಏನಿದೆಯೋ ಅದಷ್ಟೇ ನಮಗೆ ಸೇರಿದ್ದು, ಶಾಲೆಯ ಹುಡುಗರ ಪುಂಡಾಟಕ್ಕೆ ಹಾಡು ಹೊಣೆಯಲ್ಲ. ಕವಿತೆಯ ಮಟ್ಟಿಗೆ ಈ ಮಾತು ನಡೆದೀತು. ನಗೆಯ ತಟ್ಟೆಯ ಮಟ್ಟಿಗೆ ನಡೆಯದು. ಸಭಿಕರ ನಗು ತಟ್ಟೆಯೊಳಗಿಲ್ಲ, ಅದನ್ನು ಕೇಳುವವರೇ ತುಂಬಬೇಕು ಎಂದು ಆಗಲೇ ಹೇಳಿದೆನಲ್ಲ. ಹಾಗೆಂದ ಮೇಲೆ ಯಾವ ಕೋಣೆಯಲ್ಲಿ, ಯಾರು ಕುಳಿತು ನಕ್ಕರು ಎಂಬುದನ್ನು ಬಿಟ್ಟು ಈ ತಟ್ಟೆಗೆ ಪೂರ್ಣ ರೂಪವೇ ಇಲ್ಲ. ಬೆಂಗಳೂರಿನ ನಮ್ಮ ಮನೆಯಲ್ಲಿ ನಾನು ನಕ್ಕಾಗ ಸುತ್ತ ಇದ್ದವರೆಲ್ಲ ನನ್ನ ಹಾಗೆಯೇ ಮಾತನಾಡುವವರು; ಆ ಡಾಕ್ಟರು ನಮಗೆ ನೂರು ಡಾಕ್ಟರುಗಳಲ್ಲಿ ಒಬ್ಬ. ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಆ ದನಿ ಭಾರತೀಯನ ಮೊದಲ ದನಿ. ಅದು ಕೂಡ ಭಾರತೀಯನದಲ್ಲ. ನಮ್ಮ ಭಾವನವರು ಆಸ್ಪತ್ರೆಗೆ ಹೋಗಿ ಬಾಯಿ ತೆರೆಯುವ ಮೊದಲೇ ಅವರ ಮಾತನ್ನು ಬೇರೊಬ್ಬ ಆಡಿ ಮುಗಿಸಿದ್ದ. ಹಾಡಿನಲ್ಲಿ ಮರ್ಯಾದಸ್ಥನಾಗಿದ್ದ ಡಾಕ್ಟರು ಶಾಲೆಯ ಬಯಲಿಗೆ ಬರುವಷ್ಟರಲ್ಲಿ ಮರ್ಯಾದೆಯನ್ನೂ ಪ್ರೇಮವನ್ನೂ ಕಳೆದುಕೊಂಡು ಬರಿಯ ತಲೆಯಾಟವಾಗಿದ್ದ.

ನಮ್ಮಲ್ಲಿ ಕೈಲಾಸಂ ಅವರ ನಾಟಕಗಳನ್ನು ನೆನೆಯೋಣ. ಅವರೂ ಲಂಡನ್ನಿನಲ್ಲಿ ಓದಿದವರು, ಅವರ ಕಿವಿಯೂ ಅಂಥದೇ ಚುರುಕು. ಅರ್ಧ ಕನ್ನಡ ಅರ್ಧ ಇಂಗ್ಲಿಷು ಬೆರೆಸಿ ಮಾತನಾಡುವ ಮೈಸೂರು ಸೀಮೆಯ ವಿದ್ಯಾವಂತರನ್ನು ಅವರು ಅಣಕಿಸಿದರು. ಆದರೆ ನಾಟಕ ನೋಡಲು ಮುಂದಿನ ಸಾಲಿನಲ್ಲಿ ಕುಳಿತಿದ್ದವರೂ ಅದೇ ವಿದ್ಯಾವಂತರು. ಪೆಟ್ಟು ತಿಂದವನೇ ಚಪ್ಪಾಳೆ ತಟ್ಟುತ್ತಿದ್ದ. ಬೇಕಾದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಅವನಿಗಿತ್ತು. ಶಾಲೆಯ ಬಯಲಿನಲ್ಲಿ ನಿಂತ ಹುಡುಗಿ ಎದ್ದು ಎಲ್ಲಿಗೆ ಹೋದಾಳು? ಅಣಕದಲ್ಲಿ ಔಚಿತ್ಯವೆಂಬುದು ಇರುವುದು ಬಹುಶಃ ಇಲ್ಲಿಯೇ: ಅಣಕಿಸಿಕೊಂಡವನಿಗೆ ಕೋಣೆಯಲ್ಲಿ ಒಂದು ಕುರ್ಚಿ ಇರಬೇಕು.

ಇದನ್ನು ಬರೆಯುತ್ತ ನಮ್ಮ ಕಡೆಗೂ ನೋಡಿಕೊಳ್ಳದಿದ್ದರೆ ಅಪ್ರಾಮಾಣಿಕತನವಾದೀತು. ನಮ್ಮ ನಾಟಕ ಸಿನಿಮಾಗಳಲ್ಲಿ ಸಾಲ ಕೊಡುವ ಮಾರವಾಡಿ, ಚಹದಂಗಡಿಯ ಮಲೆಯಾಳಿ, ಬಂಗಲೆಯ ಗೂರ್ಖಾ, ಇವರಿಗೆಲ್ಲ ಧಾಟಿಯ ಹೊರತು ಮತ್ತೇನಾದರೂ ಕೊಟ್ಟಿದ್ದೇವೆಯೇ? ಬೆಂಗಳೂರಿನ ರಂಗದ ಮೇಲೆ ಉತ್ತರ ಕರ್ನಾಟಕದ ಮಾತು ಕೇಳಿಸಿದ ಕೂಡಲೇ, ಮಾತಿನ ಅರ್ಥ ತಿಳಿಯುವ ಮೊದಲೇ, ಸಭೆ ನಕ್ಕದ್ದನ್ನು ನಾನು ಕಂಡಿದ್ದೇನೆ; ನಾನೂ ನಕ್ಕಿದ್ದೇನೆ. ಆ ಸಭೆಯಲ್ಲಿ ಧಾರವಾಡದ ಹುಡುಗನೊಬ್ಬ ಕುಳಿತಿದ್ದಿರಬಹುದೆಂದು ಆಗ ತೋಚಲಿಲ್ಲ.

ಕೊನೆಯ ಪ್ರಶ್ನೆ, ಕೂಡಿಡುವವನ ಪ್ರಶ್ನೆ. ಈ ತಟ್ಟೆಯನ್ನು ಏನು ಮಾಡಬೇಕು? ಇಂದು ಈ ಹಾಡುಗಳನ್ನು ಕೇಳಲು ತಟ್ಟೆ ಬೇಕಿಲ್ಲ. ಜೇಬಿನ ಫೋನಿನಲ್ಲಿಯೇ ಸಿಗುತ್ತವೆ. ಆದರೆ ಅಲ್ಲಿ ಒಂದೊಂದು ಹಾಡೂ ಬಿಡಿಬಿಡಿ. ತಟ್ಟೆಯಲ್ಲಿ ಅವು ಇದ್ದ ಕ್ರಮದಲ್ಲಿ ಇವೆ: ಸಿನಾತ್ರಾನ ಅಣಕ, ವಿಮರ್ಶಕರ ಅಣಕ, ಭಾರತೀಯನ ಅಣಕ, ಗರ್ಶ್ವಿನ್ನನ ಹೆಸರು. ಬಲಿಷ್ಠನನ್ನು ಅಣಕಿಸಿದ ಗೆರೆಯೇ ಮುಂದುವರಿದು ದುರ್ಬಲನನ್ನೂ ಅಣಕಿಸುತ್ತದೆ. ನಡುವೆ ಇರುವುದು ಒಂದು ಕೂದಲೆಳೆಯಷ್ಟು ಮೌನ. ಒಳ್ಳೆಯ ತುಣುಕುಗಳನ್ನು ಮಾತ್ರ ಆರಿಸಿ ಇಟ್ಟುಕೊಂಡವನಿಗೆ ಆ ಮೌನ ಕೇಳಿಸುವುದಿಲ್ಲ. ಅದಕ್ಕಾಗಿಯೇ ಇಡಿಯ ತಟ್ಟೆ ಇರಬೇಕು ಎಂದು ನನ್ನ ಮತ. ನನ್ನ ಬಳಿ ಇರುವ ಎರಡನೆಯ ತಟ್ಟೆಯನ್ನು ಮೊನ್ನೆ ದೀಪಕ್ಕೆ ಹಿಡಿದು ನೋಡಿದೆ. ಹೆಚ್ಚು ಬೂದುಬಣ್ಣಕ್ಕೆ ತಿರುಗಿರುವುದು ಭಾರತೀಯ ಧಾಟಿಯ ಹಾಡಿನ ಪಟ್ಟೆಯೇ. ನನಗಿಂತ ಮೊದಲು ಅದು ಯಾರ ಮನೆಯಲ್ಲಿತ್ತೋ ತಿಳಿಯದು. ಸವೆಸಿದವರಲ್ಲಿ ನಾನೂ ಒಬ್ಬನೆಂಬುದಂತೂ ತಿಳಿದಿದೆ.

ಊರಿಗೆ ಹಿಂದಿರುಗುವ ಮುನ್ನ ನನ್ನ ಸೊಸೆ ಇನ್ನೊಂದು ಮಾತು ಹೇಳಿದಳು. ಅವಳ ಹಾಗೆಯೇ ಇಂಗ್ಲೆಂಡಿನಲ್ಲಿ ಬೆಳೆದ ಭಾರತೀಯ ಮೂಲದವರು ಸೇರಿ 1996ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಆರಂಭಿಸಿದರು. 1998ರಿಂದ ಅದು ಟೆಲಿವಿಷನ್ನಿಗೂ ಬಂತು. ಅದಕ್ಕೆ ಅವರಿಟ್ಟ ಹೆಸರು ಸೆಲರ್ಸನ ಈ ಹಾಡಿನ ಹೆಸರೇ. ಅದರ ಪ್ರಸಿದ್ಧ ಪ್ರಸಂಗವೊಂದರಲ್ಲಿ ಭಾರತೀಯ ಹುಡುಗರ ಗುಂಪು ಇಂಗ್ಲಿಷ್ ಊಟದ ಹೋಟೆಲಿಗೆ ನುಗ್ಗಿ, ಇದ್ದುದರಲ್ಲೇ ಸಪ್ಪೆಯಾದ ತಿಂಡಿ ಯಾವುದೆಂದು ಕೇಳಿ, ಬಡಿಸುವ ಇಂಗ್ಲಿಷ್ ಹುಡುಗನ ಹೆಸರನ್ನು ಬೇಕೆಂದೇ ತಿರುಚಿ ಕರೆದು ಗಲಾಟೆ ಮಾಡುತ್ತ‍ದೆ. "ಅವತ್ತು ಅಪ್ಪ ನಕ್ಕಿದ್ದು ನೋಡಬೇಕಿತ್ತು ಮಾವ, ಕಣ್ಣಲ್ಲಿ ನೀರು ಬರೋ ಹಾಗೆ" ಎಂದಳು.

"ಹಾಗಾದರೆ ಈ ತಟ್ಟೆ?" ಎಂದೆ.

"ನಿಲ್ಲಿಸಿ ಅಂದೆ ಅಷ್ಟೆ. ಮುರಿದುಹಾಕಿ ಅನ್ನಲಿಲ್ಲವಲ್ಲ."

ಅದು ಈಗಲೂ ಅದೇ ಬೀರುವಿನಲ್ಲಿ, ಅದರ ವರ್ಷದ ಜಾಗದಲ್ಲಿದೆ. ಬಂದವರಿಗೆ ಬಾಲ್ಹಮ್ಮಿನ ಕುಶಲಕರ್ಮಿಯನ್ನು ಈಗಲೂ ಕೇಳಿಸುತ್ತೇನೆ. ಇದನ್ನು ಹಾಕುವ ಮೊದಲು ಮಾತ್ರ ಕೋಣೆಯಲ್ಲಿ ಯಾರು ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿಕೊಳ್ಳುತ್ತೇನೆ.